‘ಮೋಹನಸ್ವಾಮಿ’ಯ ವಿಪ್ರಲಂಭ

ಉಭಯನಿಷ್ಠವಲ್ಲದ ರತಿಯನ್ನು ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ರಸಾಭಾಸವೆಂದು ಗಣಿಸಿರುವನಷ್ಟೆ. ಶ್ರೀ ವಸುಧೇಂದ್ರರವರ ‘ಮೋಹನಸ್ವಾಮಿ’ (2013) ಕಥಾಸಂಕಲನಕ್ಕೆ ಈ ಲಕ್ಷಣವನ್ನು ಹಚ್ಚಿದರೆ ಸೋಲುವುದು ಲಕ್ಷಣವೇ. ಮೋಹನಸ್ವಾಮಿಯು ಪುರುಷನಲ್ಲಿಯೇ ಅನುರಕ್ತನಾದ ಪುರುಷನು; ಪ್ರಿಯನಾದ ಕಾರ್ತಿಕನು ಕನ್ಯೆಯೊಬ್ಬಳನ್ನು ವರಿಸಲು ಹೊರಟಾಗ ಈತನ ಅಳಲನ್ನು ಕೇಳುವವರಿಲ್ಲ. ಪೂರ್ವಕಾವ್ಯಗಳ ವಿರಹಿಣಿಗೆ ಸಖಿಯಾದರೂ ಇದ್ದಳು. ಈತನಿಗೆ ಊರವರ ಮಾತಿನಲ್ಲಿ ಬೈಗುಳವಲ್ಲದೆ ಬೇರೆ ಹೆಸರೂ ಇಲ್ಲ. ಅನೌಚಿತ್ಯವಿರುವುದು ಇಲ್ಲಿ, ರತಿಯಲ್ಲಲ್ಲ. ಗದ್ಯವು ಕೆಲವೆಡೆ ವರದಿಯಂತೆ ಸಪ್ಪೆಯಾದರೂ ಸಾಧಾರಣೀಕರಣಕ್ಕೆ ಭಂಗವಿಲ್ಲ. ಓದುವವನು ಗಂಡುಹೆಣ್ಣೆಂಬ ಎಣಿಕೆಯನ್ನು ಮರೆತು ಅಗಲಿಕೆಯನ್ನೇ ಅನುಭವಿಸುವನು. ದಂಡಸಂಹಿತೆಯ 377ನೆಯ ಕಲಮಿನಂತೆ ಇಂತಹ ವಯಸ್ಕರ ಸಮ್ಮತ ಸಮಾಗಮವು ಆಗ ಅಪರಾಧವಾಗಿದ್ದಿತು. ಸರ್ವೋಚ್ಚ ನ್ಯಾಯಾಲಯವು ಅದನ್ನು ತೆಗೆದುಹಾಕಿದ್ದು 2018ರಲ್ಲಿ. ಸಲಿಂಗಾನುರಾಗಿಯೆಂದು ತಮ್ಮನ್ನು ಬಹಿರಂಗವಾಗಿ ಹೇಳಿಕೊಂಡ ಲೇಖಕರು ಕಥೆಗಾರರಾಗಿ ಮೊದಲೇ ಮನ್ನಣೆ ಪಡೆದಿದ್ದವರು. ಸಾಹಿತ್ಯಸಭೆಯಲ್ಲಿ ಆಸನವಿದ್ದೂ ಹೊರಗಿನವರಾಗಿದ್ದ ಈ ಸ್ಥಿತಿಯೇ ಕಥೆಗಳ ವಿಭಾವವು.