ಬಳೆ ಮೇಲೆ ಬಳೆ: ಮರದ ಹೂದಾನಿಯನ್ನು ನೋಡುವ ಬಗೆ

ಚನ್ನಪಟ್ಟಣದ ಬೊಂಬೆ ನಮಗೆಲ್ಲ ಗೊತ್ತು. ಆಲೆ ಮರದ ತುಂಡನ್ನು ಲೇತ್‌ನಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುತ್ತಾರೆ. ಆದರೆ ಮರದ ತುಂಡುಗಳನ್ನು ಬಳೆಯಾಗಿ ಜೋಡಿಸಿ, ಬಳೆ ಮೇಲೆ ಬಳೆ ಅಂಟಿಸಿ ಕಡೆಯುವ, ಅಮೆರಿಕದ ಕಡೆತಗಾರರು ಅಕ್ಕರೆಯಿಂದ ಬೆಳೆಸಿದ ತುಂಡುಜೋಡಣೆಯ ಹೂದಾನಿಗೆ ಬಣ್ಣ ಹಚ್ಚುವ ಮಾತೇ ಸಾಮಾನ್ಯವಾಗಿ ಇಲ್ಲ. ಕಂದು ವಾಲ್‌ನಟ್, ಬಿಳಿ ಮೇಪಲ್, ಕೆಂಪು ಪಡೌಕ್, ನೇರಳೆಯ ಪರ್ಪಲ್‌ಹಾರ್ಟ್, ಎಲ್ಲವೂ ಹುಟ್ಟುಬಣ್ಣದಲ್ಲೇ ಇರುತ್ತವೆ. ರೇ ಆಲನ್ ಎಂಬ ಕಲಾವಿದ ಅಲ್ಲಿನ ನೈಋತ್ಯ ಸೀಮೆಯ ಮೂಲನಿವಾಸಿಗಳ ಮಡಕೆ ಚಿತ್ತಾರವನ್ನು ಹೀಗೆ ಬರೀ ಮರದಲ್ಲೇ ಮೂಡಿಸಿದರು.

ಚಿತ್ತಾರಕ್ಕೆ ಮರುಳಾಗುವ ಮುಂಚೆ ಸಂದು ನೋಡಿ. ಹನ್ನೆರಡು ತುಂಡು ಸೇರಿ ಒಂದು ಬಳೆ ಎಂದುಕೊಳ್ಳಿ. ಪ್ರತಿ ತುಂಡಿನ ಎರಡೂ ತುದಿಯನ್ನು 15 ಡಿಗ್ರಿ ಓರೆಯಾಗಿ ಕೊಯ್ಯಬೇಕು. ಒಂದೊಂದು ಕೊಯ್ತದಲ್ಲಿ 0.1 ಡಿಗ್ರಿ ತಪ್ಪಿದರೂ 24 ಕೊಯ್ತಕ್ಕೆ 2.4 ಡಿಗ್ರಿ, ಕೊನೆಯ ತುಂಡು ಕೂರಬೇಕಾದಲ್ಲಿ ಬಳೆ ಬಾಯಿ ಬಿಡುತ್ತದೆ. ಆ ಬಾಯಿಗೆ ಗೋಂದು ಕಲಸಿದ ಮರದ ಪುಡಿ ತುಂಬಿದ್ದರೆ ಕಪ್ಪು ಗೆರೆಯೊಂದು ಕಾಣುತ್ತದೆ. ಉಗುರನ್ನು ಮೆಲ್ಲಗೆ ಎಳೆದು ನೋಡಿ, ಎಲ್ಲೂ ತಡೆಯಬಾರದು. ಗೋಡೆ ಕಟ್ಟುವವರು ಇಟ್ಟಿಗೆ ಇಡುವ ಹಾಗೆ, ಕೆಳಗಿನ ಬಳೆಯ ಸಂದಿನ ಮೇಲೆ ಮೇಲಿನದರ ತುಂಡಿನ ನಡು ಬಂದಿರಬೇಕು.

ಆಮೇಲೆ ಮಗುಚಿ ತಳ ನೋಡಿ. ಮರ ಮಳೆಗಾಲದಲ್ಲಿ ಉಬ್ಬುವುದು, ಬೇಸಿಗೆಯಲ್ಲಿ ಕುಗ್ಗುವುದು ಎಳೆಗೆ ಅಡ್ಡಲಾಗಿ. ಎಳೆಯ ಉದ್ದಕ್ಕೆ ಅದು ಅಲುಗುವುದು ತೀರಾ ಕಡಿಮೆ. ಬಳೆಯಲ್ಲಿ ಎಳೆ ಸುತ್ತಲೂ ಓಡುವುದರಿಂದ ಅದರ ಸುತ್ತಳತೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಒಂದೇ ಹಲಗೆಯ ಅಗಲವಾದ ತಳ ಮಾತ್ರ ಅಡ್ಡಕ್ಕೆ ಉಬ್ಬಿ ಬಳೆಯೊಡನೆ ಜಗಳಕ್ಕೆ ನಿಲ್ಲುತ್ತದೆ. ಬಿರುಕು ಮೊದಲು ಕಾಣುವುದು ಅಲ್ಲೇ.

ಇನ್ನು ತುಂಟತನ. ಕೊರಳು ಓರೆ ಮಾಡಿ ನಿಂತ ಹೂದಾನಿ ಕಂಡರೆ ನನಗೆ ಈಗಲೂ ಖುಷಿ. ಇದರ ಗುಟ್ಟು ಸರಳ: ಕಡೆದ ದುಂಡು ಕೊರಳನ್ನು 10 ಡಿಗ್ರಿ ಓರೆಯಾಗಿ ಕೊಯ್ದು, ಮೇಲಿನ ಭಾಗವನ್ನು ಅರ್ಧ ಸುತ್ತು ತಿರುಗಿಸಿ ಅಂಟಿಸಿದರೆ ಕೊರಳು 20 ಡಿಗ್ರಿ ಬಾಗುತ್ತದೆ. ಬಾಗಿದ್ದನ್ನು ಮತ್ತೆ ಲೇತ್‌ಗೆ ಸುಲಭವಾಗಿ ಏರಿಸಲಾಗದು. ಆ ಸಂದನ್ನು ಉಜ್ಜುಕಾಗದ ಹಿಡಿದು ಕೈಯಲ್ಲೇ ನಯ ಮಾಡಬೇಕು. ಬೆರಳಿಟ್ಟು ನೋಡಬೇಕಾದ ಜಾಗ ಅದು.

ಕೊನೆಗೆ ಕಣ್ಣು ಅರೆಮುಚ್ಚಿ. ಬಣ್ಣವೆಲ್ಲ ಮಸುಕಾಗಿ ಬರೀ ಹೊರಗೆರೆ ಉಳಿದಾಗಲೂ ಹೊಟ್ಟೆಯಿಂದ ಕೊರಳಿಗೆ ಗೆರೆ ಒಂದೇ ಉಸಿರಿನಲ್ಲಿ ಹರಿದಿದ್ದರೆ ಅದು ಒಳ್ಳೆಯ ಕೆಲಸ. ತುಂಡು ಸಾವಿರವಿದ್ದರೂ ಆಕಾರ ಕುಂಟಿದರೆ ನಾನಂತೂ ಒಪ್ಪುವುದಿಲ್ಲ.

ಮನೆಗೆ ತಂದರೆ ಕಿಟಕಿಯ ಬಿಸಿಲಿಗೆ ಇಡಬೇಡಿ, ಪರ್ಪಲ್‌ಹಾರ್ಟ್ ಬರಬರುತ್ತಾ ಕಂದಾಗುತ್ತದೆ. ನೀರನ್ನೂ ಹಾಕಬೇಡಿ. ಒಣಹೂವು ಸಾಕು.