ಹಿಮದಲ್ಲಿ ಮನೆ ಬಿಚ್ಚುವವರು

ಅಂಟಾರ್ಕ್ಟಿಕಾದ ಅಮೆರಿಕನ್ ಶಿಬಿರಗಳಲ್ಲಿ ದಶಕಗಳ ಕಾಲ ಜನರನ್ನು ಬೆಚ್ಚಗಿಟ್ಟದ್ದು ಜೇಮ್ಸ್‌ವೇ ಎಂಬ ಕಮಾನು ಮನೆ. ಎರಡನೇ ಮಹಾಯುದ್ಧದ ಕಾಲದ ವಿನ್ಯಾಸ. ಬಾಗಿದ ಮರದ ಪಕ್ಕೆಲುಬುಗಳು, ಮೇಲೆ ಶಾಖ ಹಿಡಿದಿಡುವ ದಪ್ಪ ಹೊದಿಕೆ. ಸಾಮಾನು ತಂದ ಪೆಟ್ಟಿಗೆಯ ಹಲಗೆಗಳೇ ನೆಲ! ಎಂಥ ಜಾಣ್ಮೆ.

ಆದರೆ ನಾನು ಮನಸೋತದ್ದು ಅದನ್ನು ಬಿಚ್ಚುವವರಿಗೆ. ಗಾಳಿ ಪೇರಿಸಿದ ಹಿಮ ಗೋಡೆಯ ಸುತ್ತ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಸಲಿಕೆಯ ಸದ್ದು ಮಂದವಾದೊಡನೆ ನುರಿತ ಕೈ ನಿಲ್ಲುತ್ತದೆ. ಇನ್ನೊಂದು ಏಟಿಗೆ ಹೊದಿಕೆ ಹರಿದೀತು. ಚಳಿಗೆ ಸೆಟೆದ ಹೊದಿಕೆಯನ್ನು ಮಡಿಚುವ ಮುನ್ನ ಅದಕ್ಕಂಟಿದ ಮಂಜಿನ ಹರಳುಗಳನ್ನು ತಟ್ಟಿ ಉದುರಿಸಬೇಕು. ಒಲೆಯ ಶಾಖಕ್ಕೆ ಕರಗಿದ ನೀರು ನೆಲದಡಿ ಮತ್ತೆ ಹೆಪ್ಪುಗಟ್ಟಿ ಹಲಗೆಗಳನ್ನು ಕಚ್ಚಿಕೊಂಡಿರುತ್ತದೆ. ಅವು ಸೀಳದಂತೆ, ಅಂಚಿನಿಂದ ಅಂಚಿಗೆ, ಹಾರೆಯಲ್ಲಿ ಮೀಟಿ ಎಬ್ಬಿಸುವುದನ್ನು ತಾಳ್ಮೆ ಎನ್ನಲೇ, ಕಲೆ ಎನ್ನಲೇ? ದಪ್ಪ ಕೈಗವಸಿನಲ್ಲಿ ಮೊಳೆ ಬೆರಳಿಗೆ ಸಿಕ್ಕುವುದಿಲ್ಲ. ಗವಸು ಕಳಚಿದರೆ ತಣ್ಣನೆಯ ಲೋಹ ಚರ್ಮವನ್ನೇ ಹಿಡಿಯುತ್ತದೆ. ಆದರೂ ಬಿದ್ದ ಮೊಳೆಯನ್ನು ಹೆಕ್ಕಿಯೇ ಹೆಕ್ಕುತ್ತಾರೆ.

ಅಂಟಾರ್ಕ್ಟಿಕಾದ ಕಸ ವಾಪಸು ತರಬೇಕೆಂದು 1991ರ ಮ್ಯಾಡ್ರಿಡ್ ಒಡಂಬಡಿಕೆ ಹೇಳುತ್ತದೆ, ನಿಜ. ಆದರೆ ಈ ಅಕ್ಕರೆಯನ್ನು ಯಾವ ಒಡಂಬಡಿಕೆಯೂ ಕಲಿಸದು. ಪಕ್ಕೆಲುಬುಗಳು ಒಂದರ ಮೇಲೊಂದು ಕೂತು, ಪಟ್ಟಿಗಳಲ್ಲಿ ಬಿಗಿದು, ಹಿಮದ ಮೇಲೆ ಜಾರುವ ಹರ್ಕ್ಯುಲಿಸ್ ವಿಮಾನಕ್ಕೆ ಸಿದ್ಧವಾಗುತ್ತವೆ.