ಗ್ರಂಥಕರ್ತನ ನಾಮಗೋಪನ

ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದಲ್ಲಿ ಕೀರ್ತಿಯನ್ನು ಮೊಟ್ಟಮೊದಲು ಹೇಳಿರುವನು. ಕೀರ್ತಿಯಾದರೋ ಹೆಸರನ್ನು ಆಶ್ರಯಿಸಿ ನಿಲ್ಲತಕ್ಕುದು. ಹೀಗಿರಲು, ಕೃತಿಯನ್ನು ಲೋಕಕ್ಕಿತ್ತು ಹೆಸರನ್ನು ಮಾತ್ರ ಮರೆಸಿಡುವ ಗ್ರಂಥಕರ್ತನ ನಡೆಯನ್ನು ಏನೆಂದು ತಿಳಿಯಬೇಕು? ವಿನಯವೆನ್ನಬೇಕೆ, ಅಂಜಿಕೆಯೆನ್ನಬೇಕೆ, ಅಥವಾ ವಂಚನೆಯೆನ್ನಬೇಕೆ? ಹೆಸರಿಲ್ಲದ ಬರಹವು ಮನೆಮನೆಗೂ ಬಂದು ಮುಟ್ಟುತ್ತಿರುವ ಈ ಕಾಲದಲ್ಲಿ ಇದು ವಿಚಾರಾರ್ಹವಾದ ಪ್ರಶ್ನೆಯೇ ಸರಿ.

ಕನ್ನಡದಲ್ಲಿ ಇದಕ್ಕೆ ಮುದ್ದಣನಿಗಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ನಂದಳಿಕೆಯ ಲಕ್ಷ್ಮೀನಾರಣಪ್ಪನು 1870ರಲ್ಲಿ ಜನಿಸಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಆತನು ‘ಶ್ರೀರಾಮಾಶ್ವಮೇಧ’ವನ್ನು ಸ್ವಂತ ಹೆಸರಿನಿಂದ ಹೊರತರದೆ, ಹಳೆಯ ಕವಿಯೊಬ್ಬನ ಕೃತಿಯೆಂಬ ಭಾವನೆ ಹುಟ್ಟುವಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದನು. ನಿಜವಾದ ಕರ್ತೃವು ಯಾರೆಂಬುದು ಸಹೃದಯರಿಗೆ ಚೆನ್ನಾಗಿ ತಿಳಿದುಬಂದುದು ಆತನ ಮರಣಾನಂತರವೇ. ಡ್ರಿಲ್ಲು ಕಲಿಸುವ ಬಡ ಉಪಾಧ್ಯಾಯನು ಹಳಗನ್ನಡ ಗದ್ಯವನ್ನು ಬರೆದಿರುವನೆಂದರೆ ಅಂದಿನ ಪಂಡಿತರು ಓದುವುದಕ್ಕೆ ಮೊದಲೇ ನಕ್ಕುಬಿಡುತ್ತಿದ್ದರೋ ಏನೋ! ಹೆಸರು ಮರೆಯಾದುದರಿಂದ ಕೃತಿಯು ತನ್ನ ಗುಣದಿಂದಲೇ ಪರೀಕ್ಷಿತವಾಯಿತು.

ಆದರೆ ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಹೆಸರು ಕವಿಯ ಸ್ವತ್ತು. ಅದನ್ನು ಕೊಡುವುದೂ ಬಿಡುವುದೂ ಅವನ ಇಚ್ಛೆ. ಕಾಲವು ಚರಿತ್ರೆಯ ಸ್ವತ್ತು; ಹೊಸದನ್ನು ಹಳೆಯದೆಂದು ತೋರಿಸುವುದು ಅಷ್ಟು ನಿರ್ದೋಷವಾದ ಕಾರ್ಯವಲ್ಲ. ಮುದ್ದಣನನ್ನು ಎಷ್ಟು ಮೆಚ್ಚಿದರೂ ಈ ಮಾತನ್ನು ಹೇಳದೆ ವಿಧಿಯಿಲ್ಲ. ಆದರೂ ಅವನ ಕೃತಿಯೇ ಅವನ ಗುಟ್ಟನ್ನು ಬಿಟ್ಟುಕೊಟ್ಟಿತೆನ್ನಬಹುದು. ಗಂಡನ ಸಂಸ್ಕೃತದ ಬಿಗುವನ್ನು ಹಾಸ್ಯಮಾಡಿ, ಪದ್ಯ ಬೇಡ, ಗದ್ಯದಲ್ಲಿ ಹೇಳೆಂದು ಕೇಳುವ ಮನೋರಮೆಯು ಹಳೆಯ ಓಲೆಗರಿಯಿಂದ ಎದ್ದುಬಂದ ನಾಯಿಕೆಯಲ್ಲ, ಹೊಸಕಾಲದ ಗೃಹಿಣಿ.

ಮುದ್ದಣನು ಮರೆಯಲ್ಲಿ ನಿಂತುದರಿಂದ ನಷ್ಟವಾದುದು ಮುಖ್ಯವಾಗಿ ಅವನಿಗೇ. ನಷ್ಟವು ಪರರ ಪಾಲಾಗುವ ನಾಮಗೋಪನವೂ ಉಂಟು. ಅದಕ್ಕೆ ಇಂಗ್ಲೆಂಡಿನ ನಿದರ್ಶನವೊಂದನ್ನು ನೋಡಬಹುದು. 1769ರಿಂದ 1772ರ ವರೆಗೆ ಲಂಡನ್ನಿನ ‘ಪಬ್ಲಿಕ್ ಅಡ್ವರ್ಟೈಸರ್’ ಪತ್ರಿಕೆಯಲ್ಲಿ ‘ಜೂನಿಯಸ್’ ಎಂಬ ಕಲ್ಪಿತ ಹೆಸರಿನಿಂದ ಪತ್ರಗಳು ಪ್ರಕಟವಾದುವು. ಅವು ಮಂತ್ರಿಗಳನ್ನೂ ದೊರೆ ಮೂರನೆಯ ಜಾರ್ಜನನ್ನೂ ನಿರ್ಭಯವಾಗಿ ಖಂಡಿಸಿದುವು. ಅಧಿಕಾರವನ್ನು ಪ್ರಶ್ನಿಸುವವನಿಗೆ ಮರೆಯು ಅಗತ್ಯವೆಂಬುದು ನಿರ್ವಿವಾದ. ಅದಿಲ್ಲದಿದ್ದರೆ ಆ ಪತ್ರಗಳು ಹುಟ್ಟುತ್ತಲೇ ಇರಲಿಲ್ಲ. ಆದರೆ 1770ರಲ್ಲಿ ನ್ಯಾಯಸ್ಥಾನದ ಮುಂದೆ ನಿಂತವರು ಮುದ್ರಕನಾದ ವುಡ್‌ಫಾಲನೂ ಪುಸ್ತಕವ್ಯಾಪಾರಿಯಾದ ಆಲ್ಮನನೂ, ಬರೆದವನಲ್ಲ. ಅಷ್ಟೇ ಅಲ್ಲ, ಪ್ರಧಾನಿಯಾಗಿದ್ದ ಗ್ರಾಫ್ಟನ್ನನ ರಾಜಕಾರ್ಯಗಳ ಜೊತೆಗೆ ಅವನ ಖಾಸಗಿ ಜೀವನವನ್ನೂ ಜೂನಿಯಸ್ಸನು ಬೀದಿಗೆಳೆದನು. ತನ್ನ ಮನೆಯ ಕದವನ್ನು ಭದ್ರವಾಗಿ ಇಕ್ಕಿಕೊಂಡು ನೆರೆಯವನ ಕದವನ್ನು ಮುರಿಯುವುದು ಧೈರ್ಯವೆನಿಸದು.

ಆದುದರಿಂದ ಹೆಸರಿಲ್ಲದ ಬರಹವನ್ನು ತೂಗುವಾಗ, ಬರೆದವನು ಯಾರೆಂಬುದಕ್ಕಿಂತ ಅವನು ಅಡಗಿದುದರ ಭಾರವನ್ನು ಯಾರು ಹೊರುವರೆಂದು ಕೇಳುವುದೇ ಉಚಿತವು. ತಾನೇ ಹೊತ್ತವನ ಮರೆಯನ್ನು ಕೇವಲ ಕುತೂಹಲದಿಂದ ಕಿತ್ತುಹಾಕುವ ಹಕ್ಕು ವಾಚಕನಿಗಿಲ್ಲ. ಪರರ ಮೇಲೆ ಹೊರಿಸಿದವನು ಮಾತ್ರ ಆ ಗೌರವವನ್ನು ಬೇಡಲಾರನು.

ಹಾಗಾದರೆ ಮಮ್ಮಟನ ಮಾತೇನಾಯಿತೆಂದು ಕೆಲವರು ಆಕ್ಷೇಪಿಸಬಹುದು. ಕೀರ್ತಿಯನ್ನು ಮೊದಲು ಎಣಿಸಿದ ಆ ಆಚಾರ್ಯನೇ, ವಿವರಣೆಗೆ ತೊಡಗಿದಾಗ, ಓದಿದೊಡನೆ ಉಂಟಾಗುವ ಪರಮಾನಂದವೇ ಎಲ್ಲ ಪ್ರಯೋಜನಗಳಿಗೂ ಶಿರೋಮಣಿಯೆಂದಿರುವನು. ಮುದ್ದಣನಾರೆಂದು ಅರಿಯದೆ ಮನೋರಮೆಯ ಮಾತಿಗೆ ನಕ್ಕ ಮೊದಲ ವಾಚಕರಿಗೆ ಆ ಆನಂದದಲ್ಲಿ ಕೊರತೆಯೇನೂ ಆಗಿರಲಾರದು.